ಮೂರನೆಯ ಹಲ್ಲು

ಅಣ್ಣ ಹಲ್ಲಿನ ಡಾಕ್ಟರು, ನಾನು ಅವನ ಒಬ್ಬಳೇ ತಂಗಿ. ಬಲದವಡೆಯ ಎರಡು ಹಲ್ಲುಗಳನ್ನು ಈಗಾಗಲೇ ಅವನ ಕೈಗೆ ಒಪ್ಪಿಸಿದ್ದೇನೆ. ನೋವು ಮಾತ್ರ ಮನೆಯಳಿಯನ ಹಾಗೆ ಅಲ್ಲೇ ಠಿಕಾಣಿ ಹೂಡಿದೆ. ಗಾಳಿ ಸೋಕಿದರೆ, ನೀರು ಕುಡಿದರೆ, ಮಾತಾಡಿದರೆ ಕೆನ್ನೆಗೆ ಕರೆಂಟು ಹೊಡೆಯುತ್ತದೆ.

ನಿನ್ನೆ ನರರೋಗದ ಡಾಕ್ಟರು ಕಾರಣ ಹೇಳಿದರು. ಎಷ್ಟೋ ವರ್ಷದಿಂದ ನನ್ನ ಕಾಲಿನ ಬಲ ಕಸಿಯುತ್ತಿರುವ ಎಂ.ಎಸ್. ಎಂಬ ನರಗಳ ಕಾಯಿಲೆಯೇ ಈಗ ಮುಖದ ನರದ ಮೇಲ್ಪೊರೆಯನ್ನೂ ತಿಂದಿದೆಯಂತೆ. "ಹಲ್ಲಿನದೇನೂ ತಪ್ಪಿಲ್ಲಮ್ಮ" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು ನಮ್ಮ ಕಥೆ.

ಅದನ್ನು ಹೇಳಲೆಂದೇ ಇವತ್ತು ಅಣ್ಣನ ಕ್ಲಿನಿಕ್ಕಿಗೆ ಬಂದೆ. ಆದರೆ ನನ್ನನ್ನು ಎತ್ತಿ ಆಡಿಸಿದವನಿಗೆ 'ನೀನು ಕಿತ್ತದ್ದು ಎರಡೂ ಗಟ್ಟಿ ಹಲ್ಲು' ಎನ್ನುವುದು ಹೇಗೆ? ಬಾಗಿಲಲ್ಲೇ ತಡವರಿಸಿದೆ. ಅಷ್ಟರಲ್ಲಿ ಅವನು ನನ್ನ ಊರುಗೋಲನ್ನು ಮೂಲೆಗಿಟ್ಟು, ನನ್ನನ್ನು ಕೂರಿಸಿ, ಕುರ್ಚಿ ಒರಗಿಸಿಬಿಟ್ಟ.

"ಬಾಯಿ ತೆಗಿ ಪುಟ್ಟಿ. ಈ ಸಲ ಕಳ್ಳ ಸಿಕ್ಕಿದಾನೆ. ಹಿಂದಿನ ಹಲ್ಲೇ ಇರ್ಬೇಕು."

ಪುಟ್ಟ ಕನ್ನಡಿ ತುಟಿಯನ್ನು ಪಕ್ಕಕ್ಕೆ ಎಳೆಯಿತು. ಕರೆಂಟು ಹೊಡೆದು ಕಣ್ಣಲ್ಲಿ ಬಳಬಳ ನೀರು ಬಂತು. "ನೋಡಿದ್ಯಾ, ಇದೇ" ಎಂದು ಅಣ್ಣ ಸೂಜಿ ಎತ್ತಿದ. ಬಾಯಿ ಅಗಲಕ್ಕೆ ತೆರೆದೇ ಇದೆ, ಮಾತು ಮಾತ್ರ ಹೊರಡುತ್ತಿಲ್ಲ. ಎದ್ದು ಓಡೋಣವೆಂದರೆ ಕಾಲಿಗೆ ಬಲವಿಲ್ಲ. ಸುಮ್ಮನಿದ್ದರೆ ಹಲ್ಲು ಹೋಗುತ್ತದೆ, ಮಾತಾಡಿದರೆ ಜೀವ ಹೋಗುತ್ತದೆ.

ಅವನ ಮಣಿಕಟ್ಟು ಹಿಡಿದುಕೊಂಡೆ. "ಹಲ್ಲಲ್ಲ ಅಣ್ಣ. ನರ."

ಅಷ್ಟಕ್ಕೇ ದವಡೆ ಸಿಡಿದುಹೋಯಿತು. ಅಣ್ಣ ಸೂಜಿ ಕೆಳಗಿಟ್ಟು ಸ್ಟೂಲಿನ ಮೇಲೆ ಕುಸಿದ. ಅವನಿಗೆ ಆಶ್ಚರ್ಯವೇ ಆದಂತಿರಲಿಲ್ಲ.

"ಎರಡನೇದು ಕಿತ್ತಾಗ್ಲೇ ಅನುಮಾನ ಬಂತು. ಒಂಚೂರೂ ಹುಳುಕಿರ್ಲಿಲ್ಲ."

ಮತ್ತೆ ಈ ಮೂರನೆಯದು ಯಾಕೆ, ಎಂದು ಕಣ್ಣಲ್ಲೇ ಕೇಳಿದೆ.

"ನೀನು ಕೆನ್ನೆ ಹಿಡ್ಕೊಂಡು ಬಂದು ಕೂತ್ಕೋತೀಯ. ನಂಗೆ ಬರೋದು ಇದೊಂದೇ ಕೆಲಸ. ಈ ಹಲ್ಲಾದ್ರೂ ಕಳ್ಳ ಆಗಿರಬಹುದು ಅಂತ..."

ಮೈಯೆಲ್ಲ ಉರಿದುಹೋಯಿತು. ಅನುಮಾನವಿದ್ದೂ ಕೈ ಹಾಕಲು ಹೊರಟನಲ್ಲ! ಆದರೆ ಅವನ ಮುಖ ನೋಡಿದರೆ ಪಾಪ ಅನ್ನಿಸಿತು.

"ಬೈಯೇ ಪುಟ್ಟಿ" ಎಂದ, ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತ. "ಬಾಯಿಗೆ ಬಂದ ಹಾಗೆ ಬೈದುಬಿಡು. ಸುಮ್ನೆ ಮಾತ್ರ ಇರ್ಬೇಡ."

ಬೈಗುಳ ಬೇಕಾದಷ್ಟಿದ್ದವು. ಕೊನೆಗೆ 'ಹೋಗ್ಲಿ ಬಿಡೋ ಅಣ್ಣ' ಎಂದೂ ಅನ್ನಬೇಕಿತ್ತು. ತುಟಿ ಅಲುಗಿಸಿದ್ದೇ ತಡ, ಮತ್ತೆ ಕರೆಂಟು ಹೊಡೆಯಿತು. ಕಣ್ಣು, ಬಾಯಿ ಎರಡೂ ಬಿಗಿದುಕೊಂಡೆ.

ಅಣ್ಣ ಸ್ಟೂಲಿನಿಂದ ಏಳುವ ಸದ್ದಾಯಿತು.

"ಮುಖಾನೂ ನೋಡಲ್ವಾ? ಆಯ್ತು ಬಿಡು, ನಿನ್ ಕೋಪ ನ್ಯಾಯವಾದದ್ದೇ" ಎಂದ. ನಾನು ಕಣ್ಣು ಬಿಟ್ಟು ಕೈ ಚಾಚುವಷ್ಟರಲ್ಲಿ ಅವನು ಬೆನ್ನು ತಿರುಗಿಸಿ ಇಕ್ಕಳ ತೊಳೆಯುತ್ತಿದ್ದ.