ಸ್ವಂತದ ಗಾಡಿ

“ಗೋಡೆಗೆ ಒರಗಬೇಡ್ವೋ, ಆಮೇಲೆ ಜನ ಎಲ್ಲಿ ಒರಗ್ಬೇಕು?” ಎಂದ ಸಾರಿಗೆ ಕಚೇರಿಯ ಜವಾನ.

ಮುಳುಗ ಗೋಡೆ ಬಿಟ್ಟು ನೆಟ್ಟಗೆ ನಿಂತ. ಬೆಳಿಗ್ಗೆ ಎದ್ದು ಸೋಪು ಕರಗುವಷ್ಟು ತಿಕ್ಕಿ ಮಿಂದಿದ್ದ, ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟಿದ್ದ. ಆದರೂ ಜವಾನನಿಗೆ ಗುರುತು ಸಿಕ್ಕಿತ್ತು. ಊರಿನ ಒಳಚರಂಡಿಗೆ ಇಳಿಯುವವರಲ್ಲಿ ಇವನಷ್ಟು ಹೊತ್ತು ಉಸಿರು ಕಟ್ಟಿ ಮುಳುಗುವವರು ಇರಲಿಲ್ಲ. ಹೆಸರು ಬಂದದ್ದೇ ಹಾಗೆ. ಅಪ್ಪ ಇಟ್ಟ ಹೆಸರನ್ನು ಕರೆಯುವವರು ಯಾರೂ ಉಳಿದಿರಲಿಲ್ಲ.

ಸಾಲಿನಲ್ಲಿ ಅವನ ಮುಂದೆ ಅತ್ತಿಗೆ ನಿಂತಿದ್ದಳು. ತೀರಿಕೊಂಡ ಅಣ್ಣನ ಹೆಂಡತಿ, ಬೀದಿ ಗುಡಿಸುವ ಕೆಲಸದವಳು. ಹೊರಗೆ ಬಿಸಿಲಿನಲ್ಲಿ ನಿಂತಿದ್ದ ಹಳೆಯ ಕಾರು ಅವಳದು. ಅದರ ರಸ್ತೆ ತೆರಿಗೆಯ ಅವಧಿ ಮುಗಿದಿತ್ತು. ಕಟ್ಟದ ಗಾಡಿಗಳನ್ನು ಅಲ್ಲಲ್ಲಿ ಹಿಡಿಯತೊಡಗಿದ್ದರಿಂದ ಇಬ್ಬರೂ ರಜೆ ಹಾಕಿ ಬಂದಿದ್ದರು.

ಅಣ್ಣನದೂ ಮುಳುಗನ ಕೆಲಸವೇ. ಒಂದು ದಿನ ಮ್ಯಾನ್‌ಹೋಲಿನೊಳಗೆ ಗಾಳಿ ಕೆಟ್ಟು ಬಿದ್ದುಬಿಟ್ಟ. ಮುಳುಗನೇ ಇಳಿದು, ಅಣ್ಣನ ಸೊಂಟಕ್ಕೆ ಹಗ್ಗ ಬಿಗಿದು ಮೇಲೆತ್ತಿಸಿದ. ಆಗಿನ್ನೂ ಉಸಿರಿತ್ತು. ಕೈ ಅಡ್ಡ ಹಾಕಿದರೆ ಆಟೋಗಳು ನಿಲ್ಲುತ್ತಿದ್ದವು. ಮೈಮೇಲಿನ ಹೊಲಸು ಕಂಡ ಕೂಡಲೇ ಸೀಟು ಕೆಡುತ್ತದೆ ಎಂದು ಹೊರಟುಹೋಗುತ್ತಿದ್ದವು. ಕೊನೆಗೆ ತರಕಾರಿಯವನೊಬ್ಬ ತನ್ನ ತಳ್ಳುಗಾಡಿ ಖಾಲಿ ಮಾಡಿಕೊಟ್ಟ. ಆಸ್ಪತ್ರೆಯ ತಿರುವಿಗೆ ಬರುವಷ್ಟರಲ್ಲಿ ಅವಸರ ಮಾಡುವ ಅಗತ್ಯವೇ ಉಳಿದಿರಲಿಲ್ಲ.

ಪರಿಹಾರದ ದುಡ್ಡಿನಲ್ಲಿ ಸೋರುವ ಮನೆ ಸರಿ ಮಾಡಿಸಿಕೋ ಎಂದು ನೆಂಟರು ಹೇಳಿದರು. ಅತ್ತಿಗೆ ಹಳೆ ಕಾರು ಕೊಂಡಳು. ಗ್ಯಾರೇಜಿನವನ ಬೈಗುಳ ತಿಂದು ಓಡಿಸಲು ಕಲಿತು ಲೈಸೆನ್ಸ್ ಮಾಡಿಸಿದಳು. ಹಿಂದಿನ ಸೀಟಿಗೆ ದಪ್ಪ ಪ್ಲಾಸ್ಟಿಕ್ ಹೊದಿಸಿದಳು. ಅಂದಿನಿಂದ ಗುಂಡಿಯಲ್ಲಿ ಯಾರೇ ಬೀಳಲಿ, ಮೊದಲ ಫೋನು ಅವಳಿಗೆ. ಪೊರಕೆಯನ್ನು ಬೀದಿಯಲ್ಲೇ ಬಿಸಾಕಿ ಓಡುತ್ತಿದ್ದಳು. ಕೆಲವರು ಬದುಕಿದ್ದರು. ಎಲ್ಲರೂ ಅಲ್ಲ.

ಸಾಲು ಕರಗಿ ಇವರ ಸರದಿ ಬರುವಷ್ಟರಲ್ಲಿ ಜವಾನ ಒಳಗೆ ಹೋಗಿ ಗುಮಾಸ್ತನ ಕಿವಿಯಲ್ಲಿ ಏನೋ ಊದಿದ್ದ. ಗುಮಾಸ್ತ ಅತ್ತಿಗೆಯ ಕಾಗದಗಳನ್ನು ಪಕ್ಕಕ್ಕೆ ಸರಿಸಿ ಮುಳುಗನ ಕಡೆ ನೋಡಿದ. ಸಿಬ್ಬಂದಿಯ ಕಕ್ಕಸು ಕಟ್ಟಿಕೊಂಡಿದೆಯಂತೆ, ಹೇಳಿಕಳಿಸಿದರೂ ಯಾರೂ ಬಂದಿಲ್ಲವಂತೆ, ತನ್ನ ಕಕ್ಕಸಿಗೆ ಬರುವವರನ್ನು ಕಂಡು ಎದುರು ಹೋಟೆಲಿನವನು ಕೂಡ ಮುಖ ಸಿಂಡರಿಸತೊಡಗಿದ್ದಾನಂತೆ. ಒಂಚೂರು ನೋಡಿಬಿಡು ಎಂದ.

“ಇವತ್ತು ಅವನಿಗೆ ರಜ ಸ್ವಾಮಿ. ನಾವು ಟ್ಯಾಕ್ಸ್ ಕಟ್ಟೋಕೆ ಬಂದಿರೋದು” ಎಂದಳು ಅತ್ತಿಗೆ.

“ಕಟ್ಟಿಸ್ಕೊಳ್ಳೋನು ನಾನೇ ತಾನೇ? ನನ್ನ ಹೊಟ್ಟೆ ಹಗುರಾದ್ರೆ ಕೈನೂ ಬೇಗ ಓಡುತ್ತೆ.”

ಸಾಲಿನಲ್ಲಿದ್ದವರು ನಕ್ಕರು. ಅತ್ತಿಗೆ ಕದಲಲಿಲ್ಲ. ಹಾಗಾದರೆ ಇನ್ಸ್‌ಪೆಕ್ಟರು ಗಾಡಿ ನೋಡಿದ ಮೇಲೆಯೇ ಕಟ್ಟಿಸಿಕೊಳ್ಳುವುದು, ಅವರು ಯಾವಾಗ ಬರುತ್ತಾರೋ ಹೇಳಲಾಗದು ಎಂದು ಗುಮಾಸ್ತ ಹಿಂದಿನವನನ್ನು ಕರೆದ.

ಮುಳುಗನಿಗೆ ಜಗಳ ಆಡುವಷ್ಟು ತ್ರಾಣ ಇರಲಿಲ್ಲ. ಹಿಂದಿನ ದಿನವೆಲ್ಲ ಕತ್ತಿನವರೆಗಿನ ನೀರಿನಲ್ಲಿ ನಿಂತಿದ್ದ ಕಾಲುಗಳು ಈಗಲೂ ಜೋಮು ಹಿಡಿದಂತೆ ಇದ್ದವು. “ಹೋಗ್ಲಿ ಬಿಡಿ ಅತ್ತಿಗೆ” ಎಂದ. ಬಿಳಿ ಅಂಗಿ ಬಿಚ್ಚಿ ಅವಳ ಕೈಗೆ ಕೊಟ್ಟ.

ಕಚೇರಿಯ ಹಿಂದೆ ಗುಂಡಿಯ ಮುಚ್ಚಳ ಮಣ್ಣು ಹಿಡಿದು ಕೂತಿತ್ತು. ಹಾರೆಯಿಂದ ಮೀಟಿ ತೆಗೆದ. ಅಲ್ಲೇ ಬಿದ್ದಿದ್ದ ಬಿದಿರು ದಬ್ಬೆ ತೂರಿಸಿ ನೋಡಿದ. ಬಗ್ಗಿತೇ ಹೊರತು ಒಳಗೆ ಹೋಗಲಿಲ್ಲ. ಇಳಿದು ಕೈಯನ್ನೇ ಹಾಕಿದ. ಟೀ ಲೋಟಗಳು, ಚಿಂದಿ ಬಟ್ಟೆ, ಗುಟ್ಕಾ ಚೀಟಿಗಳ ಉಂಡೆ, ಹರಿದ ಅರ್ಜಿಗಳು ಬಂದವು. ಬಕೆಟ್ಟು ತುಂಬಿತು. ಕೊನೆಗೆ ಪೈಪು ಗೊಳಗೊಳ ಸದ್ದು ಮಾಡಿ ಎಲ್ಲವನ್ನೂ ಅವನ ಎದೆಗೇ ಉಗುಳಿತು. ಕಿಟಕಿಯಲ್ಲಿ ನಿಂತಿದ್ದ ಜವಾನ, ಹೋಯ್ತು ಹೋಯ್ತು ಎಂದು ಒಳಗಿನವರಿಗೆ ಸುದ್ದಿ ಕೊಟ್ಟ.

ಮುಳುಗ ಮೇಲೆ ಬಂದು ಕೈ ತೊಳೆಯಲು ನಲ್ಲಿಯ ಕಡೆ ಹೋದ. ಅದು ಸಿಬ್ಬಂದಿಯ ಕುಡಿಯುವ ನೀರು ಎಂದು ಜವಾನ ಅಡ್ಡ ನಿಂತ. ಅಂಗಳದ ನಲ್ಲಿ ಒಣಗಿತ್ತು. ಅವನು ಹಾಗೆಯೇ, ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು, ಕಾರಿನ ಹತ್ತಿರ ಬಂದು ನಿಂತ. ಅಂಗಿ ಹಾಕಿಕೊಳ್ಳುವಂತಿರಲಿಲ್ಲ.

ಯಾವಾಗ ಬರುತ್ತಾರೋ ಎಂದು ಗುಮಾಸ್ತ ಹೇಳಿದ್ದ ಇನ್ಸ್‌ಪೆಕ್ಟರು ಕಕ್ಕಸಿನಿಂದಲೇ ನೇರ ಹೊರಗೆ ಬಂದರು. ಮೂಗಿಗೆ ಕರ್ಚೀಫು ಒತ್ತಿ ಕಾರನ್ನು ಒಂದು ಸುತ್ತು ಹಾಕಿದರು. ಬಾಗಿಲು ತೆಗೆಸಿದರು, ಒಳಗೆ ಬಗ್ಗಲಿಲ್ಲ. ಪ್ಲಾಸ್ಟಿಕ್ ಹೊದಿಸಿದ ಸೀಟು, ಕೆಳಗೆ ಸುರುಳಿ ಸುತ್ತಿದ ಹಗ್ಗ, ಎಷ್ಟು ತೊಳೆದರೂ ಹೋಗದ ವಾಸನೆ. ಇದು ಸ್ವಂತ ಬಳಕೆಯ ಗಾಡಿಯಲ್ಲ, ಜನ ಸಾಗಿಸುವ ಬಾಡಿಗೆ ಗಾಡಿ. ಅದರ ತೆರಿಗೆಯೇ ಬೇರೆ, ಇಷ್ಟು ದಿನ ವಂಚಿಸಿದ್ದಕ್ಕೆ ದಂಡ ಬೇರೆ ಎಂದರು.

ಅತ್ತಿಗೆ ಮೊದಲು ಮೆಲ್ಲಗೇ ಹೇಳಿದಳು. ಗುಂಡಿಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಒಯ್ಯುವ ಗಾಡಿ, ಬಾಡಿಗೆ ಎಂದು ಒಬ್ಬರಿಂದಲೂ ಬಿಡಿಗಾಸು ಮುಟ್ಟಿಲ್ಲ ಎಂದಳು. ಬೇಕಾದರೆ ಆಸ್ಪತ್ರೆಯಲ್ಲಿ ಕೇಳಿ ಎಂದಳು.

“ದುಡ್ಡಿಲ್ದೆ ಯಾರಮ್ಮ ಕಂಡೋರನ್ನ ಕೂರಿಸ್ಕೊಂಡು ಓಡಾಡ್ತಾರೆ? ಯಾರು ಅವರು, ನಿನ್ನ ನೆಂಟ್ರಾ?”

“ಹೂಂ. ನೆಂಟ್ರೇ.”

“ಗುಂಡಿಗೆ ಇಳಿಯೋರೆಲ್ಲ ನೆಂಟ್ರಾ?”

“ಬೇರೆ ಯಾರೂ ಆಗಲ್ಲ ಅಂದ್ರಲ್ಲ ಸ್ವಾಮಿ. ಅದಕ್ಕೆ.”

ಗುಮಾಸ್ತ ಬಾಗಿಲಿನಲ್ಲಿ ನಿಂತು ಹಲ್ಲು ಚುಚ್ಚಿಕೊಳ್ಳುತ್ತಿದ್ದ. “ಗಂಡನ ಹೆಣದ ದುಡ್ಡಲ್ಲಿ ಕಾರು. ಮುಂಡೆಗೆ ದಿಮಾಕು ನೋಡು” ಎಂದು ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಮುಳುಗ ಒಂದು ಹೆಜ್ಜೆ ಮುಂದಿಟ್ಟ. ಅತ್ತಿಗೆ ಅವನ ಹಸಿ ತೋಳು ಹಿಡಿದು ನಿಲ್ಲಿಸಿದಳು. ಹೊಲಸು ಅವಳ ಸೀರೆಗೂ ಹತ್ತಿತು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಸಂಜೆ ಗುಡಿಸಿ ಮುಗಿಸಿದ ಬೀದಿಗೆ ಯಾರೋ ಮತ್ತೆ ಕಸ ಸುರಿದಾಗ ನೋಡುವಂತೆ ನೋಡುತ್ತಿದ್ದಳು.

ಇನ್ಸ್‌ಪೆಕ್ಟರು ಹುಕುಂ ಕೊಟ್ಟರು. ತೆರಿಗೆ, ದಂಡ ಎರಡೂ ಕಟ್ಟುವ ತನಕ ಈ ಗಾಡಿ ರಸ್ತೆಗೆ ಇಳಿಯಕೂಡದು. ಹಿಂದುಗಡೆ ತುಕ್ಕು ಹಿಡಿಯುತ್ತಿದ್ದ ಗಾಡಿಗಳ ಸಾಲಿನಲ್ಲಿ ನಿಲ್ಲಿಸಿ ಕೀಲಿ ಜವಾನನ ಕೈಗೆ ಕೊಡಬೇಕು.

“ಇದರ ಮಧ್ಯೆ ಯಾರಾದ್ರೂ ಬಿದ್ರೆ?” ಎಂದು ಕೇಳಿದ ಮುಳುಗ. ಅವನು ಕಚೇರಿಯವರೊಡನೆ ಆಡಿದ ಮೊದಲ ಮಾತು ಅದು. ಇನ್ಸ್‌ಪೆಕ್ಟರು ಆಗಲೇ ತಿರುಗಿದ್ದರು.

ಅತ್ತಿಗೆ ಕಾರು ಹತ್ತಿದಳು. ಪಕ್ಕದ ಸೀಟು ತೋರಿಸಿ ಮುಳುಗನಿಗೂ ಹತ್ತು ಎಂದಳು. ಮೈ ಹೀಗಿದೆ, ಪ್ಲಾಸ್ಟಿಕ್ ಇಲ್ಲ ಎಂದು ಅವನು ಅನುಮಾನಿಸಿದ. “ಕೂತ್ಕೋ ಅಂದ್ನಲ್ಲ” ಎಂದಳು. ಎಂಜಿನ್ ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಜವಾನ ಹಿಂದುಗಡೆಗೆ ಕೈ ತೋರಿಸುತ್ತಲೇ ಇದ್ದ. ಅವಳು ಗಾಡಿಯನ್ನು ಗೇಟಿನ ಕಡೆ ತಿರುಗಿಸಿದಳು. ಮುಂದಿನ ಚಕ್ರ ರಸ್ತೆಯ ಅಂಚು ಮುಟ್ಟುವ ಮೊದಲೇ, ಎರಡು ಕಂಬಗಳ ನಡುವೆ, ನಿಲ್ಲಿಸಿ ಎಂಜಿನ್ ಆರಿಸಿದಳು. ಆ ಕಚೇರಿಗೆ ಇದ್ದದ್ದು ಅದೊಂದೇ ಗೇಟು.

ಕಚೇರಿ ಮುಚ್ಚುವ ಹೊತ್ತಾಗಿತ್ತು. ಮನೆಗೆ ಹೊರಟಿದ್ದ ಇನ್ಸ್‌ಪೆಕ್ಟರ ಜೀಪು ಹಿಂದೆ ಬಂದು ಹಾರ್ನ್ ಹೊಡೆಯಿತು. ಅದರ ಹಿಂದೆ ಗುಮಾಸ್ತನ ಸ್ಕೂಟರು, ಅದರ ಹಿಂದೆ ಮತ್ತಷ್ಟು. ಕಿಟಕಿಯ ಬಳಿ ಓಡಿಬಂದ ಜವಾನ ಬೋಳಿಮಗನೆ, ತೆಗೆಸೋ ಗಾಡಿನ ಎಂದು ಮುಳುಗನ ಮೇಲೆ ಕೂಗಾಡಿದ. ಅತ್ತಿಗೆ ಗಾಜು ಇಳಿಸಿದಳು.

“ರಸ್ತೆಗೆ ಇಳೀಬಾರ್ದು ಅಂದ್ರಲ್ಲ ನಿಮ್ಮ ಸಾಹೇಬ್ರು. ಇಳಿಯಲ್ಲ, ಹೋಗಿ ಹೇಳು.”

ಎಳೆದು ಹಾಕಿರೋ ಅವನನ್ನ ಎಂದು ಜೀಪಿನೊಳಗಿಂದ ಕೂಗು ಬಂತು. ಜವಾನ ಬಾಗಿಲು ತೆರೆದ. ಮುಳುಗನ ಭುಜ, ತೋಳು, ಎದೆ, ಎಲ್ಲಿ ಹಿಡಿಯಲೆಂದು ನೋಡಿದ. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಪ್ಯಾಂಟಿಗೆ ಒರೆಸಿದ. ಇನ್ನಿಬ್ಬರು ಬಂದು, ನಿಂತು, ನೀನು ಹಿಡಿ ನೀನು ಹಿಡಿ ಎಂದು ಒಬ್ಬರನ್ನೊಬ್ಬರು ನೂಕಿದರು.

ಹಾರ್ನುಗಳು ನಿಲ್ಲಲಿಲ್ಲ. ಸೀಟು ಮೆತ್ತಗಿತ್ತು. ಮುಳುಗ ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ.