ದರ್ಬಾರು ಪರದೆ

ಕಲ್ಲೇಶಪ್ಪನನ್ನು ಹೆಗಲ ಮೇಲೆ ಹೊರುವ ಬಿದಿರಿನ ವಿಮಾನದಲ್ಲಿ ಕೂರಿಸಿ, ಹೆಣ ಜಾರದಂತೆ ಎದೆಗೆ ಪಂಚೆ ಬಿಗಿಯುತ್ತಿದ್ದಾಗ ನಾಟಕಮಂದಿರದ ಅಧ್ಯಕ್ಷ ಜಯದೇವಪ್ಪ ಹಾರ ಹಿಡಿದು ಬಂದ. ಹಿಂದೆಯೇ ಪತ್ರಿಕೆಯ ಫೋಟೋದವನು.

"ಎಂಥಾ ಕಲಾವಿದ! ನಲವತ್ತು ವರ್ಷ ನಮ್ಮ ನಾಟಕಕ್ಕೆ ಪರದೆ ಬರೆದ ಕೈ ಇದು."

ಆಹಾ! ಹೆಣದೆದುರು ಈ ಮನುಷ್ಯನ ಬಾಯಲ್ಲಿ ಎಷ್ಟು ಚೆಂದದ ಮಾತು.

"ಹಾಗಾದ್ರೆ ಮುಂದಿನ ಹೆಗಲು ನೀವೇ ಕೊಡಿ," ಎಂದಳು ಸತ್ತವನ ಹೆಂಡತಿ ಶಂಕರಮ್ಮ. ಅವಳ ಕಣ್ಣಲ್ಲಿ ಹನಿ ನೀರಿರಲಿಲ್ಲ.

"ನನ್ನ ಪುಣ್ಯ ಕಣಮ್ಮ," ಎಂದು ಜಯದೇವಪ್ಪ ಫೋಟೋದವನ ಕಡೆ ನೋಡಿದ.

*

೨೦೦೫ರಲ್ಲಿ ಎನ್.ಆರ್.ಪುರದ ಆ ಹಳೇ ನಾಟಕಮಂದಿರ ರಿಪೇರಿಯಾಯಿತು. ಊರೂರು ತಿರುಗುವ ಹೊಸ ತಂಡಗಳಿಗೆ ದೊಡ್ಡ ಲೈಟು, ಕರೀ ಪರದೆ, ಮೆತ್ತನೆ ಕುರ್ಚಿ ಬೇಕಿತ್ತು. ಸೋರುವ ಮಾಡು, ಗೆದ್ದಲು ಹಿಡಿದ ಹಲಗೆ ಹೋದದ್ದಕ್ಕೆ ಕಲ್ಲೇಶಪ್ಪನಿಗೂ ಖುಷಿಯೇ. ಅವನು ಕೇಳಿದ್ದು ಒಂದೇ.

"ಕಾಡು, ಬೀದಿ ಪರದೆ ಎಲ್ಲ ಬಿಸಾಕಿ. ಸಿಂಹಾಸನ ಬರೆದಿರೋ ದರ್ಬಾರು ಪರದೆ ಮಾತ್ರ ನಂಗೆ ಕೊಡಿ. ನಾನು ಬರೆದ ಮೊದಲನೇದು ಅದು."

"ಅದು ಮಂದಿರದ ಆಸ್ತಿ ಮಾರಾಯ. ಕೇಳಿದೋರಿಗೆಲ್ಲ ಕೊಡೋಕಾಗ್ತದಾ?" ಎಂದಿದ್ದ ಜಯದೇವಪ್ಪ.

ಆ ವರ್ಷದ ಕಾಫಿ ಕೊಯ್ಲಿನಲ್ಲಿ ಮಂದಿರದ ಆಸ್ತಿ ಜಯದೇವಪ್ಪನ ಮನೆಮುಂದಿನ ಕಣದಲ್ಲಿ, ಒಣಗುವ ಕಾಫಿಯಡಿ ಹಾಸಿ ಬಿದ್ದಿತ್ತು. ಕಲ್ಲೇಶಪ್ಪ ಬೇಲಿಯಾಚೆ ನಿಂತು ನೋಡಿ, ಮನೆಗೆ ಬಂದು ಜಗಲಿಯಲ್ಲಿ ಕೂತ.

"ಸಿಂಹಾಸನದ ಮೇಲೆ ಕಾಲಿಟ್ಕೊಂಡು ಕಾಫಿ ಕೆದಕ್ತಿದ್ರು ಕಣೇ," ಎಂದ. ಆಮೇಲೆ ಕುಂಚ ಮುಟ್ಟಲೇ ಇಲ್ಲ.

ಶಂಕರಮ್ಮ ಮಾತ್ರ, ಅವನು ಸಾಯುವವರೆಗಿನ ಎರಡು ವರ್ಷ, ದಿನಾ ಬೆಳಿಗ್ಗೆ ಜಯದೇವಪ್ಪನಿಗೆ ಶಾಪ ಹಾಕಿಯೇ ಒಲೆ ಹಚ್ಚಿದಳು.

*

ಮೆರವಣಿಗೆ ಜಯದೇವಪ್ಪನ ಮನೆಯೆದುರು ಬಂತು.

"ನಿಲ್ಸಿ!" ಎಂದಳು ಶಂಕರಮ್ಮ.

"ಇಲ್ಯಾಕಮ್ಮ?" ಜಯದೇವಪ್ಪನ ದನಿ ಸಣ್ಣಗಾಯಿತು.

ಅವಳು ಮೈದುನ ಮಲ್ಲೇಶಪ್ಪನನ್ನು ಕರೆದುಕೊಂಡು ಸೀದಾ ಕಣಕ್ಕಿಳಿದಳು. ಈ ಕೊಯ್ಲಿಗೂ ಕಾಫಿಯಡಿ ಹಾಸಿದ್ದ ಪರದೆಯ ಎರಡು ಮೂಲೆ ಹಿಡಿದು ಇಬ್ಬರೂ ಎಳೆದರು. ಅರ್ಧ ಒಣಗಿದ ಕಾಫಿಯೆಲ್ಲ ಉರುಳಿ ಚರಂಡಿಯ ಕೆಸರಿಗೆ ಬಿತ್ತು.

"ಅಯ್ಯೋ, ನನ್ನ ಕಾಫಿ! ಏಯ್, ಬಿಡ್ರೋ!"

"ಹೆಗಲು ಬಿಡ್ಬೇಡಿ ಸ್ವಾಮಿ, ಹೆಣ ಬೀಳ್ತದೆ!" ಎಂದು ಉಳಿದ ಮೂವರು ಹೊರುವವರು ಕೂಗಿಕೊಂಡರು. ಫೋಟೋದವನು ಕ್ಲಿಕ್ಕಿಸುತ್ತಲೇ ಇದ್ದ.

"ಮಂದಿರದ ಆಸ್ತಿ ಅಲ್ವಾ ಅಧ್ಯಕ್ಷರೇ? ಅದನ್ನ ಬರೆದೋನ ಜೊತೆ ಮಣ್ಣಿಗೆ ಹೋಗ್ತದೆ. ಬೇಕಾದ್ರೆ ಹೆಣ ಕೆಳಗಿಳಿಸಿ, ಜನರೆದುರೇ ಕಿತ್ಕೊಳ್ಳಿ," ಎಂದಳು ಶಂಕರಮ್ಮ.

ಜಯದೇವಪ್ಪ ಜನರನ್ನು ನೋಡಿದ. ಒಬ್ಬನಾದರೂ ಬಾಯಿ ಬಿಡಬೇಕಲ್ಲ! ಅವಳು ಪರದೆಯನ್ನು ಮಡಚಿ, ಸಿಂಹಾಸನ ಕಾಣುವಂತೆ ವಿಮಾನದ ಹಿಂದಕ್ಕೆ ಬಿಗಿದಳು.

"ನಡೀರಿ," ಎಂದಳು.

ಬಣ್ಣ ಅರ್ಧ ಅಳಿಸಿದ್ದರೂ ಎರಡು ಸಿಂಹಗಳು ಕಲ್ಲೇಶಪ್ಪನ ಹೆಗಲ ಎರಡೂ ಬದಿಗೆ ಸರಿಯಾಗಿ ಕೂತಿದ್ದವು. ಹಿಂದಿನಿಂದ ಬೀಸುವ ಗಾಳಿಗೆ ಪರದೆ ಮುಂದಕ್ಕೆ ಬಡಿದಾಗಲೆಲ್ಲ ಮಡಿಕೆಯಲ್ಲಿ ಸಿಕ್ಕಿದ್ದ ಕಾಫಿ ಜಯದೇವಪ್ಪನ ಬೋಳು ತಲೆಯ ಮೇಲೆ ಒಂದೊಂದಾಗಿ ಉದುರುತ್ತಿತ್ತು. ಕೊಡವಿಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ.