ಇಬ್ಬರಲ್ಲಿ ಒಬ್ಬಳ ಪ್ರತಿಮೆ

ಅಮ್ಮನ ಪ್ರತಿಮೆ ನಿಲ್ಲಿಸುತ್ತೇವೆ ಎಂದು ನಗರಸಭೆಯವರು ಬಂದು ಹೇಳಿದಾಗ ನನಗೆ ಮೊದಲು ಬಂದದ್ದು ಸಂತೋಷವಲ್ಲ, ಅನುಮಾನ. ಅಮ್ಮ ಫಿಕಿಲೆ ಬದುಕಿದ್ದಾಗ ಅವಳನ್ನು ಮದುವೆಮನೆಗೆ ಕರೆಯಲೂ ಹಿಂದೆಮುಂದೆ ನೋಡುತ್ತಿದ್ದ ಊರು ಇದು.

ಕಾರಣ ಎಲ್ಲರೂ ಬಲ್ಲರು, ಯಾರೂ ಆಡುವುದಿಲ್ಲ. ಬಿಳಿಯರ ಆಡಳಿತ ನಮ್ಮ ಹೆಂಗಸರು ಮನೆಯಲ್ಲಿ ಜೋಳದ ಬಿಯರ್ ಕಾಯಿಸಬಾರದೆಂದು ತಡೆದು, ಗಂಡಸರೆಲ್ಲ ಸರ್ಕಾರದ ಬಿಯರ್ ಅಂಗಡಿಯಲ್ಲೇ ಕುಡಿಯುವಂತೆ ಮಾಡಿತ್ತು. ಕರಿಯರನ್ನು ಅಂಕೆಯಲ್ಲಿಡುವ ಖರ್ಚು ಆ ದುಡ್ಡಿನಲ್ಲೇ ನಡೆಯುತ್ತಿತ್ತು. ಒಂದು ದಿನ ಹೆಂಗಸರು ದೊಣ್ಣೆ ಹಿಡಿದು ಆ ಅಂಗಡಿಗೆ ನುಗ್ಗಿ ಪೀಪಾಯಿಗಳನ್ನು ಉರುಳಿಸಿದರು. ಎಲ್ಲರಿಗಿಂತ ಮುಂದಿದ್ದವಳು ಅಮ್ಮ. ಆದರೆ ಪೊಲೀಸರು ಮೊದಲೇ ಬಂದು ಹಿತ್ತಲಲ್ಲಿ ಕಾದಿದ್ದರು. ಯಾರೋ ಸುದ್ದಿ ಮುಟ್ಟಿಸಿದ್ದರು. ಎಲ್ಲರೂ ಜೈಲು ಸೇರಿದರು. ವಾರದೊಳಗೆ ಇಬ್ಬರನ್ನು ಮಾತ್ರ, ಕಾರಣ ಹೇಳದೆ, ಬಿಟ್ಟುಬಿಟ್ಟರು: ಅಮ್ಮ ಮತ್ತು ಅವಳ ಗೆಳತಿ ಮಾಜೊಂಡಿ. ಸುದ್ದಿ ಕೊಟ್ಟವಳು ಇವರಲ್ಲೇ ಒಬ್ಬಳೆಂದು ಊರು ತೀರ್ಮಾನಿಸಿತು. ಆಮೇಲೆ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಮ್ಮ ಸುದ್ದಿ ಕೊಟ್ಟವಳಲ್ಲ ಎಂದು ನಾನು ನಂಬಿದ್ದೆ. ಹಾಗಾದರೆ ಉಳಿದವಳು ಮಾಜೊಂಡಿ. ಶಾಲೆಯಲ್ಲಿ ರಸಾಯನಶಾಸ್ತ್ರ ಪಾಠ ಹೇಳಿಯೇ ಮುದುಕಿಯಾದವಳು ನಾನು; ಎರಡು ಸೀಸೆಗಳಲ್ಲಿ ಒಂದು ಶುದ್ಧ ನೀರೆಂದು ಖಾತ್ರಿಯಾದರೆ ಇನ್ನೊಂದರಲ್ಲೇ ವಿಷವೆಂದು ತಿಳಿಯಲು ಮೂಸಿ ನೋಡಬೇಕಾಗಿಲ್ಲ.

ಈಗ ಪ್ರತಿಮೆ ಸಮಿತಿಯವರು, ಅಂದು ಅಲ್ಲಿದ್ದ ಒಬ್ಬರಾದರೂ ಫಿಕಿಲೆಯೇ ಮುಂದಾಳು ಎಂದು ಸಭೆಯಲ್ಲಿ ಹೇಳಬೇಕು ಎಂದರು. ಬದುಕುಳಿದವಳು ಮಾಜೊಂಡಿ ಒಬ್ಬಳೇ. ಆಕೆ ಒಲ್ಲೆನೆಂದಳು. ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಅಷ್ಟರಲ್ಲಿ ಶಿಲ್ಪಿ ವುಮಾನಿ ಜೇಡಿಮಣ್ಣಿನ ಮಾದರಿ ಮುಗಿಸಿ, ಕಂಚು ಎರೆಯುವ ಮುಂಚೆ ನೋಡಿ ಹೋಗಿ ಎಂದು ಕರೆದ. ಮುಖ ಅಮ್ಮನದೇ. ಎರಡೂ ಕೈಯಲ್ಲಿ ಬಿಯರ್ ಗಡಿಗೆ ಹಿಡಿದು ಎದುರಿದ್ದವರಿಗೆ ನೀಡುತ್ತಿದ್ದಾಳೆ. ಗಡಿಗೆ ಕಂಠಮಟ್ಟ ತುಂಬಿದೆ. ನಮ್ಮಲ್ಲಿ ಕಾಯಿಸಿದವಳು ಮೊದಲು ತಾನು ಕುಡಿದು, ಇದರಲ್ಲಿ ವಿಷವಿಲ್ಲ ಎಂದು ತೋರಿಸಿ, ಆಮೇಲೆ ಕೊಡಬೇಕು. ಕುಡಿಯದೆ ಕೊಡುವವಳು ಎಂಥವಳೆಂದು ಮಕ್ಕಳಿಗೂ ಗೊತ್ತು.

ಹೀಗೆ ಮಾಡು ಎಂದು ಯಾರು ಹೇಳಿದರೆಂದು ಕೇಳಿದೆ. ಯಾರೂ ಇಲ್ಲವಂತೆ, ತುಂಬಿದ್ದರೆ ನೋಡಲು ಚೆನ್ನವಂತೆ. ಡರ್ಬನ್‌ನಲ್ಲಿ ಬಾಟಲಿ ಬಿಯರ್ ಕುಡಿದು ಬೆಳೆದ ಪಟ್ಟಣದ ಹುಡುಗ, ನಿಜವೇ ಇರಬಹುದು. ನಾನು ನಂಬಲಿಲ್ಲ. ಮಾಜೊಂಡಿ ಇದನ್ನು ನೋಡಿದಾಗ ಅವಳ ಮುಖ ಏನು ಹೇಳುತ್ತದೋ ನೋಡಬೇಕೆನಿಸಿ, ಮರುದಿನ ಅವಳ ಮನೆ ಬಾಗಿಲಿಗೇ ಹೋದೆ.

"ಏನ್ ಟೀಚರಮ್ಮ, ಇಷ್ಟ್ ವರ್ಷ ಇಲ್ಲದ ಪ್ರೀತಿ ಇವತ್ತು ಕಾರ್ ತಗೊಂಡು ಬಂದಿದೆ?" ಅಂದಳು. ಆದರೂ ಹತ್ತಿ ಕೂತಳು.

ಮಾದರಿಯೆದುರು ತುಂಬಾ ಹೊತ್ತು ನಿಂತಳು. ನಾನು ಅವಳ ಕಣ್ಣನ್ನೇ ನೋಡುತ್ತಿದ್ದೆ. ಒಮ್ಮೆಲೇ ಗಡಿಗೆಯೊಳಗೆ ಕೈಹಾಕಿ ಹಸಿಮಣ್ಣನ್ನು ಬಾಚಿ ತೆಗೆದಳು.

"ಇವಳು ಕುಡೀದೆ ಯಾರಿಗೂ ಕೊಟ್ಟೋಳಲ್ಲ ಕಣಪ್ಪ. ಕೊಡೋ ಹೊತ್ತಿಗೆ ಅರ್ಧ ಇವಳ ಹೊಟ್ಟೇಲೇ ಇರ್ತಿತ್ತು."

ವುಮಾನಿ ನಕ್ಕ. ನನಗೆ ನಗು ಬರಲಿಲ್ಲ. ಇದು ಗೆಳತಿಯ ಪ್ರೀತಿಯೋ, ತಪ್ಪು ಮಾಡಿದವಳ ಪ್ರಾಯಶ್ಚಿತ್ತವೋ? ಹೊರಗೆ ಮೆಟ್ಟಿಲ ಮೇಲೆ ಕೇಳಿಯೇಬಿಟ್ಟೆ.

"ಇಷ್ಟು ಅಭಿಮಾನ ಇರೋರು ಸಾಕ್ಷಿ ಹೇಳೋಕೆ ಯಾಕೆ ಒಲ್ಲೆ ಅಂತೀರಿ, ಮಾಜೊಂಡಿ? ಪೊಲೀಸರಿಗೆ ಹೇಳಿದ್ದು ಯಾರು?"

ಆಕೆ ಬೆರಳ ಸಂದಿಯ ಮಣ್ಣು ಕೀಳುತ್ತ ಮೆಲ್ಲಗೆ ಹೇಳಿದಳು: "ನಾನಲ್ಲ ಅಂತ ನಂಗೆ ಗೊತ್ತಿತ್ತು. ಅದಕ್ಕೇ ನಿಮ್ಮಮ್ಮನೇ ಅಂದ್ಕೊಂಡೆ. ಅವಳೂ ನನ್ನ ಬಗ್ಗೆ ಹಾಗೇ ಅಂದ್ಕೊಂಡ್ಲು. ನಾವು ಹೀಗೇ ಅಂದ್ಕೊಳ್ಲಿ ಅಂತಾನೇ ನಮ್ಮನ್ನ ಬಿಟ್ಟಿದ್ದು ಅಂತ ನಂಗೆ ಹೊಳೆಯೋ ಹೊತ್ತಿಗೆ ಅವಳು ಮಣ್ಣಾಗಿದ್ಲು." ಕಿತ್ತ ಮಣ್ಣನ್ನು ಉಂಡೆ ಮಾಡುತ್ತ ಮುಂದುವರಿಸಿದಳು: "ಈಗ ನೀವು ಒಬ್ಬಳನ್ನ ಕಂಚು ಮಾಡಿ ನಿಲ್ಲಿಸ್ತೀರಿ. ಇವಳಲ್ಲ ಅಂತ ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಆಮೇಲೆ ಉಳಿಯೋಳು ಯಾರು? ನೀನು ಓದಿದೋಳು, ನೀನೇ ಹೇಳು."

ಎರಡು ಸೀಸೆಗಳ ನನ್ನ ತರ್ಕದಲ್ಲಿ ವಿಷ ಅವುಗಳಲ್ಲೇ ಒಂದರಲ್ಲಿದೆ ಎಂದು ಯಾರೂ ರುಜುವಾತು ಮಾಡಿರಲಿಲ್ಲ. ಆ ಎರಡನ್ನು ಬೇರೆಯಾಗಿ ಇಟ್ಟವರು ಪೊಲೀಸರು. ಆದರೂ ಮಾಜೊಂಡಿ ಹೇಳಿದ್ದು ನಿಜವೆಂಬುದಕ್ಕೂ ನನ್ನಲ್ಲಿ ಪುರಾವೆ ಇರಲಿಲ್ಲ. ಅನುಮಾನ ಪೂರ್ತಿ ಹೋಗಲಿಲ್ಲ, ಇವತ್ತಿಗೂ ಹೋಗಿಲ್ಲ.

ಶನಿವಾರ ಸಮಿತಿಯ ಸಭೆಯಲ್ಲಿ ಎದ್ದು, ಯಾರೂ ಆಡದ ಮಾತನ್ನು ಆಡಿದೆ. ಇಬ್ಬರನ್ನೂ ಒಂದೇ ದಿನ ಬಿಟ್ಟರು; ಸುದ್ದಿ ಕೊಟ್ಟವರು ಯಾರೆಂದು ಯಾರಿಗೂ ತಿಳಿಯದು; ನಿಲ್ಲಿಸುವುದಾದರೆ ಇಬ್ಬರನ್ನೂ ನಿಲ್ಲಿಸಿ, ಇಲ್ಲವಾದರೆ ಅಮ್ಮನ ಹೆಸರನ್ನು ನಾನು ಕೊಡುವುದಿಲ್ಲ ಎಂದೆ. ಅಧ್ಯಕ್ಷರು ಕೆಮ್ಮಿದರು. ಹಾಗಾದರೆ ಪ್ರತಿಮೆಯೇ ನಿಂತುಹೋಗಬಹುದು ಎಂದರು. ಹೋಗಲಿ ಎಂದೆ.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಮಾಜೊಂಡಿ ಕೃತಜ್ಞತೆಯಿಂದ ನೋಡಬಹುದೆಂದುಕೊಂಡಿದ್ದೆ. ಆಕೆ ಕಣ್ಣು ಕಿರಿದು ಮಾಡಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಇದ್ರಲ್ಲಿ ನಿಂಗೇನೇ ಲಾಭ?" ಎಂದು ಕೇಳಿದಳು.